ಹೀರೋಯಿನ್ ಹಚ್ಚಿಕೊಂಡ ಅತ್ತರು

ಸಿನಿಮಾದಲ್ಲಿ ಸೀಸೆ ಕಾಣುತ್ತದೆ, ವಾಸನೆ ಕಾಣುವುದಿಲ್ಲ. ಈ ಮಾತನ್ನು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತೇನೆ, ಕಿವಿಗೆ ಹಾಕಿಕೊಳ್ಳುವವರು ಯಾರೂ ಇಲ್ಲ. ಸಿಂದಗಿಯ ನಮ್ಮ ಅತ್ತರಿನ ಅಂಗಡಿಗೆ ಬರುವ ಹುಡುಗಿಯರು ಬಾಯಿ ತೆಗೆಯುವ ಮೊದಲೇ ಮೊಬೈಲು ತೆಗೆಯುತ್ತಾರೆ. ಹೀರೋಯಿನ್ ಕನ್ನಡಿಯ ಮುಂದೆ ಕೂತ ದೃಶ್ಯವನ್ನು ನಿಲ್ಲಿಸಿ, ಎರಡು ಬೆರಳಿಂದ ಹಿಗ್ಗಿಸಿ, ಅವಳ ಮೊಣಕೈ ಹಿಂದೆ ಅರ್ಧ ಕಾಣುವ ಬಾಟಲಿಯನ್ನು ತೋರಿಸುತ್ತಾರೆ. ಅದರಂಥದ್ದೇ ಬೇಕು. ಅವಳ ಮದುವೆಯ ಫೋಟೊದ ತುಟಿಬಣ್ಣ ಬೇಕು, ಅವಳು ವಿಮಾನ ಇಳಿದು ಬರುವಾಗ ಕೈಯಲ್ಲಿದ್ದ ಕ್ರೀಮು ಬೇಕು. ಕನ್ನೊಳ್ಳಿಯಿಂದ ಬರುವ ಒಬ್ಬ ಟೀಚರು ಮಾತ್ರ ಯಾವಾಗಲೂ ವಿಲನ್‌ನ ಟೇಬಲ್ಲಿನ ಮೇಲಿನ ಸೆಂಟು ಕೇಳುತ್ತಾರೆ. ಹೀರೋಗಿಂತ ಅವನೇ ಶುಚಿಯಾಗಿರುತ್ತಾನೆ ಎನ್ನುವುದು ಅವರ ವಾದ. ನನಗೂ ಹಾಗೇ ಅನಿಸಿದೆ.

ಅಂಗಡಿ ನನ್ನ ತಂದೆಯದು, ಅಬ್ಬಾನದು. ಅವರ ಅಪ್ಪನಿಂದ ಬಂದದ್ದು. ಅಂಗಡಿಗಿಂತ ಸಂತೆಯಲ್ಲೇ ಅವರ ಹೆಸರು ದೊಡ್ಡದು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ದೇವರ ಹಿಪ್ಪರಗಿ, ಎಲ್ಲ ಸಂತೆಗೂ ಸಾಗವಾನಿಯ ಮೂರಂತಸ್ತಿನ ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಹೋಗುತ್ತಿದ್ದರು. ಪೆಟ್ಟಿಗೆಯ ಸೀಸೆಗಳೆಲ್ಲ ಒಂದೇ ಥರ, ಕಂದು ಬಣ್ಣದವು. ಯಾವುದಕ್ಕೂ ಚೀಟಿ ಇಲ್ಲ. ಮೂಗಿದ್ದವನಿಗೆ ಚೀಟಿ ಯಾತಕ್ಕೆ ಎಂದು ನಗುತ್ತಿದ್ದರು. ಅವರದೊಂದು ನಿಯಮವಿತ್ತು. ಗಾಜಿನ ಕಡ್ಡಿಯಿಂದ ಗಿರಾಕಿಯ ಮುಂಗೈ ಮೇಲೆ ಒಂದು ಗೆರೆ ಎಳೆದು, ಒಂದು ಸುತ್ತು ಸಂತೆ ತಿರುಗಿ ಬಾ ಎಂದು ಕಳಿಸುವುದು. ಬೆವರು ಬಂದು, ಧೂಳು ಹತ್ತಿ, ಆಮೇಲೂ ಆ ವಾಸನೆ ನಿನ್ನದು ಅನಿಸಿದರೆ ತಗೋ, ಇಲ್ಲದಿದ್ದರೆ ಬಿಡು. ಹಾಗೆ ಹೋದವರಲ್ಲಿ ಕೆಲವರು ತಿರುಗಿ ಬರುತ್ತಲೇ ಇರಲಿಲ್ಲ. ಅಬ್ಬಾ ತಲೆ ಕೆಡಿಸಿಕೊಂಡವರಲ್ಲ.

ನಾಲ್ಕು ವರ್ಷದ ಹಿಂದೆ ಅವರಿಗೆ ಕೆಟ್ಟ ಜ್ವರ ಬಂತು. ಹನ್ನೆರಡು ದಿನ ಮಲಗಿ ಎದ್ದರು. ಎದ್ದ ಮರುದಿನ ಬೆಳಿಗ್ಗೆ ಒಲೆಯ ಮೇಲೆ ಹಾಲು ಸೀದು ಮನೆ ತುಂಬ ಹೊಗೆ ವಾಸನೆ ಹಿಡಿದಿತ್ತು, ನಾನು ಹಿತ್ತಲಿನಿಂದ ಓಡಿ ಬಂದರೆ ಅಬ್ಬಾ ಒಲೆಯ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದರು. ನಾನು ಪಾತ್ರೆ ಇಳಿಸಿದೆ. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರೂ ಏನೂ ಹೇಳಲಿಲ್ಲ. ಅಮ್ಮಿ ತೀರಿಕೊಂಡ ಮೇಲೆ ಮನೆಯಲ್ಲಿ ಇರುವವರೇ ನಾವಿಬ್ಬರು, ಆದ್ದರಿಂದ ಹೇಳದೆ ಇರುವುದು ಸುಲಭವಾಯಿತು.

ಅಂದಿನಿಂದ ನಾನು ಸಂತೆಗೆ ಜೊತೆಯಲ್ಲಿ ಹೋಗತೊಡಗಿದೆ. ಅಬ್ಬಾನಿಗೆ ವಯಸ್ಸಾಯಿತು, ಪೆಟ್ಟಿಗೆ ಹೊರಲು ಬೇಕು ಎಂದು ಜನಕ್ಕೆ ಹೇಳಿದ್ದು. ಅವರು ಕಡ್ಡಿ ಅದ್ದಿ ಮೊದಲಿನ ಹಾಗೆಯೇ ಮೂಗಿಗೆ ಹಿಡಿಯುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ತಲೆ ಆಡಿಸುತ್ತಿದ್ದರು. ಹಿಂದೆ ಕೂತ ನಾನು, ಸೀಸೆ ಸರಿಯಿದ್ದರೆ ಸುಮ್ಮನಿರುತ್ತಿದ್ದೆ, ತಪ್ಪಿದ್ದರೆ ಕೆಮ್ಮುತ್ತಿದ್ದೆ. ಇದನ್ನು ನಾವು ಮಾತಾಡಿ ಗೊತ್ತು ಮಾಡಿಕೊಂಡದ್ದಲ್ಲ, ಒಂದು ದಿನ ನಿಜವಾಗಿಯೇ ಕೆಮ್ಮು ಬಂದಿತ್ತು, ಅವರು ಸೀಸೆ ಬದಲಿಸಿದರು. ಹಾಗೆ ಮೂರು ವರ್ಷ ಕೆಮ್ಮಿದೆ. ಇಂಡಿ ಸಂತೆಯ ಬೆಲ್ಲದ ವ್ಯಾಪಾರಿ ನನಗೆ ದಮ್ಮು ಇದೆಯೆಂದು ತಿಳಿದು ಜ್ಯೇಷ್ಠಮಧು ತಂದುಕೊಟ್ಟ. ನನಗೆ ಬಂದ ಒಂದು ಸಂಬಂಧ ಇದೇ ಕೆಮ್ಮಿನಿಂದ ಹಿಂದಕ್ಕೆ ಹೋಯಿತು. ಹುಡುಗನನ್ನು ನೋಡಿದ್ದೆನಾದ್ದರಿಂದ ನನಗೇನೂ ಬೇಸರವಾಗಲಿಲ್ಲ.

ಸೀಸೆಗಳಿಗೆ ಚೀಟಿ ಅಂಟಿಸಬಹುದಿತ್ತು. ಆದರೆ ಚೀಟಿ ಬಂದ ದಿನವೇ ಜನ ಕಾರಣ ಕೇಳುತ್ತಾರೆ. ಅದಕ್ಕೇ ಅವುಗಳ ಜಾಗವನ್ನು ನನ್ನ ಕೈಗೆ ಅನುಕೂಲವಾಗುವಂತೆ ಬದಲಿಸಿದೆ. ಚಳಿಗಾಲಕ್ಕೆ ಹಚ್ಚುವ ಮದರಂಗಿಯ ಅತ್ತರು, ಹಿನಾ, ಕೆಳಗಿನ ಅಂತಸ್ತಿನ ಮೂಲೆಯಲ್ಲಿತ್ತು, ಮೇಲಕ್ಕೆ ತಂದೆ. ಖಾಲಿಯಾದ ಮೂಲೆಯಲ್ಲಿ, ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಡುತ್ತಿದ್ದ ಕಫನ್ ಅತ್ತರನ್ನು ಇಟ್ಟೆ. ತೀರಿಕೊಂಡವರಿಗೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಹೊದಿಸುವಾಗ ಹಚ್ಚುವ ಅತ್ತರು ಅದು, ಕರ್ಪೂರ ಬೆರೆಸಿದ್ದು. ಹೋದ ವರ್ಷದ ಮಳೆಗೆ ಗೂಡು ಸೋರುತ್ತಿತ್ತು, ಮೂಲೆಯಲ್ಲಿದ್ದರೆ ಯಾರ ಕೈಗೂ ಸಿಗುವುದಿಲ್ಲ ಎಂದುಕೊಂಡೆ. ಅಬ್ಬಾನಿಗೆ ಹೇಳಲಿಲ್ಲ. ಹೇಳಿದರೆ ಯಾತಕ್ಕೆ ಬದಲಿಸಿದೆ ಎಂಬ ಮಾತು ಬರುತ್ತದೆ.

ಹೋದ ವರ್ಷ ಇಂಡಿಯಲ್ಲಿ ದೊಡ್ಡ ಬಟ್ಟೆ ಅಂಗಡಿ ಶುರುವಾಯಿತು. ಅಂಗಡಿಯ ಸಾಹುಕಾರರು ಅಬ್ಬಾನ ಹಳೆಯ ಗಿರಾಕಿ. ಅವರ ಮನೆಯ ಮೂರು ಮದುವೆಗಳಲ್ಲಿ ಬಾಗಿಲಲ್ಲಿ ನಿಂತು ಬಂದವರ ಮುಂಗೈಗೆ ಅತ್ತರು ಹಚ್ಚಿ, ಪನ್ನೀರು ಚಿಮುಕಿಸಿದವರು ಅಬ್ಬಾನೇ. ಈ ಸಲ ರಿಬ್ಬನ್ ಕತ್ತರಿಸಲು ಸಿನಿಮಾದ ಹೀರೋಯಿನ್ ಬರುತ್ತಾಳೆ, ಬಾಗಿಲಲ್ಲಿ ನೀವೇ ಇರಬೇಕು ಎಂದು ಹೇಳಿ ಕಳಿಸಿದರು. ಅಬ್ಬಾ ಹಬ್ಬಕ್ಕೆ ಹೊಲಿಸಿದ ಶೇರವಾನಿ ಹಾಕಿಕೊಂಡರು. ನಾನು ಪನ್ನೀರುದಾನಿ ಹಿಡಿದುಕೊಂಡೆ.

ಹತ್ತಕ್ಕೆ ಬರಬೇಕಾದವಳು ಬಂದದ್ದು ಒಂದೂವರೆಗೆ. ರಸ್ತೆ ತುಂಬ ಜನ, ಮಾಳಿಗೆಯ ಮೇಲೆ ಜನ, ಬೇವಿನ ಮರದಲ್ಲಿ ಜನ. ಕಾರಿನಿಂದ ಇಳಿದವಳು ಪರದೆಯ ಮೇಲೆ ಕಾಣುವುದಕ್ಕಿಂತ ಗಿಡ್ಡ, ಚೆಂದ ಮಾತ್ರ ಅಷ್ಟೇ ಚೆಂದ. ನೂಕಾಟದಲ್ಲಿ ಅಬ್ಬಾ ಪಕ್ಕಕ್ಕೆ ಸರಿದರು, ಕಡ್ಡಿ ನನ್ನ ಕೈಗೆ ಬಂತು. ನಾನು ಅವಳ ಮುಂಗೈ ಹಿಡಿದೆ. ಆಗ ನನ್ನ ಮೂಗಿಗೆ ಬಂದದ್ದು ತಲೆನೋವಿನ ಮುಲಾಮು. ಹಣೆಗೆ, ಕಿವಿಯ ಹಿಂದೆ, ಕುತ್ತಿಗೆಗೆ ದಪ್ಪಗೆ ಬಳಿದುಕೊಂಡಿದ್ದಳು. ಅದರ ಕೆಳಗೆ ಬಾಡಿದ ಮಲ್ಲಿಗೆ, ಅಷ್ಟೇ. ಸೆಂಟಿನ ಸುಳಿವೂ ಇರಲಿಲ್ಲ.

ಅವಳು ನನ್ನ ಕಡೆ ಬಾಗಿ, ನಗುವನ್ನು ಕ್ಯಾಮೆರಾಗಳ ಕಡೆಗೇ ಇಟ್ಟುಕೊಂಡು, ಮೆಲ್ಲಗೆ ಹೇಳಿದಳು: "ದಯವಿಟ್ಟು ಹಚ್ಬೇಡಮ್ಮ, ತಲೆ ಸಿಡೀತಾ ಇದೆ. ಹಚ್ಚಿದ ಹಾಗೆ ಮಾಡು, ಸಾಕು."

ನಾನು ಒಣ ಕಡ್ಡಿಯನ್ನು ಅವಳ ಕೈಮೇಲೆ ಎಳೆದೆ. ಅವಳು ಕೈಯನ್ನು ಮೂಗಿಗೆ ಹಿಡಿದು ಆಹಾ ಎಂದು ಕಣ್ಣರಳಿಸಿದಳು. ನನ್ನ ಅಬ್ಬಾನಷ್ಟೇ ಚೆನ್ನಾಗಿ ನಟಿಸುತ್ತಾಳೆ ಎಂದುಕೊಂಡೆ, ಅಂದುಕೊಂಡ ಕೂಡಲೇ ನಾಚಿಕೆಯಾಯಿತು.

ಅವಳು ಒಳಗೆ ಹೋದ ಮೇಲೆ, ಮೊಬೈಲಿನಲ್ಲಿ ಊರಿನ ಸುದ್ದಿ ಹಾಕುವವನೊಬ್ಬ ಅಬ್ಬಾನ ಮುಂದೆ ಬಂದ. ಮೇಡಮ್ಮರು ಯಾವ ಸೆಂಟು ಹಚ್ಚಿಕೊಂಡಿದ್ದರು, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಿದ. ಸುತ್ತ ನೂರು ಜನ ಸುಮ್ಮನಾದರು. ನಾನು ಕೆಮ್ಮಿದೆ. ಆದರೆ ಕೆಮ್ಮಿಗೆ ಬೇಡ ಎಂದು ಹೇಳಲು ಬರುತ್ತದೆಯೇ ಹೊರತು ಏನು ಎಂದು ಹೇಳಲು ಬರುವುದಿಲ್ಲ. ಅಬ್ಬಾ ಕಣ್ಣು ಮುಚ್ಚಿ ತೆಗೆದರು. "ಗುಲಾಬ," ಅಂದರು. "ಮ್ಯಾಲ ಗುಲಾಬ, ತಳಕ್ಕ ಹಿನಾ. ರಾಣೇರು ಹಚ್ಕೊಳ್ಳೂ ಅತ್ತರ ಅದು."

ಸಂಜೆಯ ಹೊತ್ತಿಗೆ ಆ ವಿಡಿಯೊ ಸಿಂದಗಿಗೆ ನಮಗಿಂತ ಮೊದಲೇ ಮುಟ್ಟಿತ್ತು. ಮರುದಿನದಿಂದ ಹೀರೋಯಿನ್ ಅತ್ತರು ಕೊಡಿ ಎಂದು ಜನ ಬರತೊಡಗಿದರು. ಸುಳ್ಳೆಂದು ಗೊತ್ತಿದ್ದೂ ನಾನೇ ಗುಲಾಬಕ್ಕೆ ಹಿನಾ ಬೆರೆಸಿ ಕೊಟ್ಟೆ. ಅಬ್ಬಾ ಅಷ್ಟು ಖುಷಿಯಾಗಿದ್ದುದನ್ನು ನೋಡಿ ಬಹಳ ದಿನವಾಗಿತ್ತು. ಒಂದು ಸುತ್ತು ತಿರುಗಿ ಬಾ ಎನ್ನುವ ಮಾತನ್ನೂ ಬಿಟ್ಟುಬಿಟ್ಟರು, ಹಚ್ಚಿ ನೋಡದೆಯೇ ಒಯ್ಯುವವರಿಗೆ ಅದು ಬೇಕೂ ಇರಲಿಲ್ಲ.

ಮುದ್ದೇಬಿಹಾಳದ ಒಂದು ಮದುವೆ ಮನೆಯಿಂದ ಫೋನು ಬಂತು. ಮದುಮಗಳು ವಿಡಿಯೊ ನೋಡಿದ್ದಾಳೆ, ನಿಕಾಹಿಗೆ ಬರುವ ಹೆಂಗಸರಿಗೆ ಕೊಡಲು ಅದೇ ಅತ್ತರಿನ ನಲವತ್ತು ಸಣ್ಣ ಸೀಸೆ ಬೇಕು ಎಂದರು. ಆ ಮನೆಯವರು ನಮಗೆ ಹಳಬರು. ಅದರ ಹಿಂದಿನ ವರ್ಷ ಮನೆಯ ಹಿರಿಯರು ತೀರಿಕೊಂಡಾಗ ಕಫನ್ ಅತ್ತರು ಹೋದದ್ದೂ ನಮ್ಮಲ್ಲಿಂದಲೇ. ನಾನು ಆಗ ಆಲಮೇಲದ ಚಿಕ್ಕಮ್ಮನ ಮನೆಗೆ ಎರಡು ದಿನಕ್ಕೆ ಹೊರಟಿದ್ದೆ. ಬಂದು ಮಾಡುತ್ತೇನೆ, ನೀವು ಪೆಟ್ಟಿಗೆ ಮುಟ್ಟಬೇಡಿ ಎಂದು ಅಬ್ಬಾನಿಗೆ ಹೇಳಿ ಹೋದೆ. ಹಾಗೆ ಹೇಳಬಾರದಿತ್ತು. ಐವತ್ತು ವರ್ಷ ಪೆಟ್ಟಿಗೆ ಹೊತ್ತವರಿಗೆ ಮಗಳು ಆಡುವ ಮಾತಲ್ಲ ಅದು.

ಮೂರನೆಯ ದಿನ ಬೆಳಿಗ್ಗೆ ಆಲಮೇಲದ ಬಸ್ಸಿಳಿದು ಅಂಗಡಿಯ ಮೆಟ್ಟಿಲು ಹತ್ತಿದೆ. ಯಾರು ತೀರಿಕೊಂಡರು ಎಂದುಕೊಂಡೆ. ಒಳಗೆಲ್ಲ ಕಫನ್ ಅತ್ತರಿನ ವಾಸನೆ. ಅಬ್ಬಾ ಗಾದಿಯ ಮೇಲೆ ಕೂತು ಲಾಳಿಕೆ ಒರೆಸುತ್ತಿದ್ದರು, ಮುಖದ ತುಂಬ ನಗು. ನಲವತ್ತೂ ಸೀಸೆ ತಾವೇ ತುಂಬಿ, ಬಟ್ಟೆಯಲ್ಲಿ ಸುತ್ತಿ, ನಿನ್ನೆಯೇ ಕಂಡಕ್ಟರನ ಕೈಯಲ್ಲಿ ಕಳಿಸಿದೆ ಎಂದರು. ಗುಲಾಬದ ಅರ್ಧ ಹಿನಾ ಹಾಕಿದೆ, ಕೆಳಗಿನ ಮೂಲೆಯ ಸೀಸೆ ಪೂರ್ತಿ ಖಾಲಿಯಾಯಿತು ಎಂದರು. ಅವರ ಕೈ ಐವತ್ತು ವರ್ಷದ ಜಾಗವನ್ನೇ ಹುಡುಕಿಕೊಂಡು ಹೋಗಿತ್ತು. ಅಲ್ಲಿ ಏನಿತ್ತು ಎಂದು ಅವರ ಮೂಗು ಹೇಳಲಿಲ್ಲ, ನಾನೂ ಹೇಳಿರಲಿಲ್ಲ.

ನಾನು ಆಗಲೂ ಬಾಯಿ ಬಿಡಲಿಲ್ಲ. ಐದಾರು ಸೀಸೆ ಕಡಿಮೆಯಾಗಿವೆಯಂತೆ, ಕೊಟ್ಟು ಬರುತ್ತೇನೆ ಎಂದು ಸುಳ್ಳು ಹೇಳಿ, ಹಿಂದಿನ ಕೋಣೆಯಲ್ಲಿ ಕೂತು ಹೊಸದಾಗಿ ನಲವತ್ತು ಸೀಸೆ ತುಂಬಿದೆ. ದೇವರ ಹಿಪ್ಪರಗಿ, ತಾಳಿಕೋಟಿ ಮೇಲೆ ಹೋಗುವ ಬಸ್ಸು ಹತ್ತಿದೆ. ನಿಕಾಹ್ ಮರುದಿನ ಬೆಳಿಗ್ಗೆ. ಅಷ್ಟರೊಳಗೆ ಯಾರಾದರೂ ಒಂದು ಮುಚ್ಚಳ ತೆಗೆದಿದ್ದರೆ ಮುಗಿಯಿತು. ಮದುವೆ ಮನೆಗೆ ಹೆಣದ ಅತ್ತರು ಕಳಿಸಿದ ಮುದುಕ ಎಂದು ಅಬ್ಬಾನ ಹೆಸರು ಜಿಲ್ಲೆಯ ತುಂಬ ಹೋಗುತ್ತದೆ. ಕಿಟಕಿಯ ಹೊರಗೆ ತೊಗರಿ ಹೊಲಗಳು ಹಿಂದೆ ಹೋಗುತ್ತಿದ್ದವು. ನನಗೆ ಅಬ್ಬಾನ ಮೇಲೆ ಸಿಟ್ಟು, ಹೀರೋಯಿನ್ ಮೇಲೆ ಸಿಟ್ಟು, ಆ ಮೊಬೈಲಿನವನ ಮೇಲೆ ಸಿಟ್ಟು. ಹಿಪ್ಪರಗಿ ದಾಟುವ ಹೊತ್ತಿಗೆ ಸಿಟ್ಟೆಲ್ಲ ಒಬ್ಬಳ ಮೇಲೆಯೇ ಬಂದು ನಿಂತಿತು. ಜಾಗ ಬದಲಿಸಿದವಳು ನಾನು, ಮೂರು ವರ್ಷ ಕೆಮ್ಮಿದವಳು ನಾನು.

ಮುದ್ದೇಬಿಹಾಳದಲ್ಲಿ ಮನೆ ಮುಂದೆ ಹಂದರ ಹಾಕಿದ್ದರು. ಹೆಂಗಸರು ಮದುಮಗಳಿಗೆ ಅರಿಶಿಣ ಹಚ್ಚುತ್ತ ಹಾಡುತ್ತಿದ್ದರು. ನನ್ನನ್ನು ಕಂಡ ಮದುಮಗಳ ತಂದೆಯ ತಾಯಿ, ಎಲ್ಲರೂ ದಾದಿ ಎನ್ನುವ ಅಜ್ಜಿ, ಏನನ್ನೂ ಕೇಳದೆ ಕೈ ಹಿಡಿದು ಒಳಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು. ಟ್ರಂಕು ತೆರೆದು, ಹಳೆಯ ಸೀರೆಗಳನ್ನು ಎತ್ತಿ, ನಮ್ಮ ಬಟ್ಟೆಯ ಗಂಟನ್ನು ತೋರಿಸಿದರು.

"ಪಾರ್ಸಲ್ ನನ್ನ ಕೈಯಾಗ ಬಂತು, ಛಲೋ ಆತು," ಅಂದರು. "ಒಂದ ಸೀಸೆ ತಗದ್ನಿ ಬೇಟಿ. ನಮ್ಮನಿಯವರು ಬಂದು ಬಾಜೂಕ ಕುಂತಂಗಾತು."

ಗಂಡನ ಕಫನ್ನಿನ ವಾಸನೆಯನ್ನು ಆಕೆ ಇಡೀ ಒಂದು ದಿನ ಟ್ರಂಕಿನಲ್ಲಿ ಮುಚ್ಚಿಟ್ಟುಕೊಂಡು, ಹೊರಗೆ ಬಂದವರಿಗೆ ಶರಬತ್ತು ಕೊಟ್ಟಿದ್ದರು. ಕೂಗಾಡಬಹುದಿತ್ತು. ಮನೆಗಂಡಸರಿಗೆ ಹೇಳಿದ್ದರೆ ಅವರು ಸಿಂದಗಿಗೇ ಬರುತ್ತಿದ್ದರು. ನಾನು ಅವರ ಕಾಲ ಹತ್ತಿರ ಕೂತು ಅತ್ತೆ.

"ನಿಮ್ಮ ಅಬ್ಬಾಗ ವಾಸನಿ ಹೋಗೇತಿ, ಹೌದಿಲ್ಲ?" ಅಂದರು ದಾದಿ.

ಹೌದೆಂದೆ. ಮೂರು ವರ್ಷದಲ್ಲಿ ಆ ಮಾತಿಗೆ ಹೌದು ಅಂದದ್ದು ಅದೇ ಮೊದಲು.

ತಮ್ಮ ಬಾಯಿಂದ ಈ ಮಾತು ಹೊರಗೆ ಹೋಗುವುದಿಲ್ಲ ಎಂದು ಅವರು ನನ್ನ ತಲೆ ಮುಟ್ಟಿ ಹೇಳಿದರು. ಹೊಸ ಸೀಸೆ ಇಟ್ಟು ಹಳೆಯದನ್ನು ಒಯ್ಯು, ನಿಮ್ಮ ಅಪ್ಪನಿಗೂ ಹೇಳಬೇಡ, ವಯಸ್ಸಾದವರಿಗೆ ಮನಸ್ಸಿಗೆ ಹತ್ತುತ್ತದೆ ಎಂದರು. ಎಲ್ಲ ಮುಚ್ಚಿಹೋಗುವ ದಾರಿ ಅಷ್ಟು ಸುಲಭವಾಗಿ ಎದುರಿಗೆ ಬಂದು ನಿಂತಿತ್ತು. ನಾನು ಕಣ್ಣೊರೆಸಿಕೊಂಡೆ. ಮುಚ್ಚಿದರೆ ಮತ್ತೆ ಪೆಟ್ಟಿಗೆಯ ಹಿಂದೆ ಕೂತು ಕೆಮ್ಮಬೇಕು, ಮತ್ತೊಂದು ಮೂಲೆಯಲ್ಲಿ ಮತ್ತೊಂದು ಸೀಸೆ ಕಾದು ಕೂತಿರುತ್ತದೆ. ಇಲ್ಲ ದಾದಿ, ಇದನ್ನು ಇಲ್ಲಿಗೇ ಮುಗಿಸುತ್ತೇನೆ ಎಂದೆ. ಹೇಳಿದ ಮೇಲೆ ನನ್ನ ದನಿ ನನಗೇ ಗಟ್ಟಿ ಅನಿಸಿತು.

ಮೊದಲು ಹೇಳಿದ್ದು ಮದುಮಗಳಿಗೆ. ಮೈಯೆಲ್ಲ ಅರಿಶಿಣ ಹಚ್ಚಿಕೊಂಡೇ ಅವಳು ಒಳಗೆ ಬಂದು, ಹೀರೋಯಿನ್ ಅತ್ತರು ಎಲ್ಲಿ ಎಂದು ಕೈ ಚಾಚಿದಳು. ಇದು ಗುಲಾಬ, ಹಿನಾ, ಒಳ್ಳೆಯ ಅತ್ತರು, ಆದರೆ ಅವಳು ಹಚ್ಚಿಕೊಂಡದ್ದಲ್ಲ, ನಮ್ಮ ಅಬ್ಬಾ ಅಂದಾಜಿನ ಮೇಲೆ ಹೇಳಿದ್ದು ಎಂದೆ. ಹಾಗಾದರೆ ಅವಳು ಹಚ್ಚಿಕೊಂಡದ್ದೇನು ಎಂದಳು. ಮುಲಾಮು ಎಂದೆ. ಅವಳು ನನ್ನನ್ನೇ ನೋಡಿ, ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೊರಗಿನ ಹಾಡಿನ ಗದ್ದಲದ ಕಡೆ ಕೈ ತೋರಿಸಿ, ಈಗ ತನಗೂ ಅದೇ ಬೇಕಾಗಿದೆ ಎಂದಳು. ದಾದಿ ಸೆರಗಿನ ಗಂಟಿನಿಂದ ಡಬ್ಬಿ ತೆಗೆದು ಅವಳ ಹಣೆಗೆ ಹಚ್ಚಿದರು. ನನ್ನ ನಲವತ್ತು ಸೀಸೆಗಳನ್ನು ಗುಲಾಬದ ಅತ್ತರು ಎಂದೇ ಹಂಚಿದರಂತೆ.

ಮರುದಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅಬ್ಬಾನ ಮುಂದೆ ಕೂತೆ. ಹೋದದ್ದು ಕಫನ್ ಅತ್ತರು ಎಂದೆ. ಅವರು ತಮ್ಮ ಎರಡೂ ಕೈಗಳನ್ನು ಮೂಗಿಗೆ ಹಿಡಿದು ನೋಡಿದರು, ಅಭ್ಯಾಸದಿಂದ. ಆಮೇಲೆ ಕೈ ಕೆಳಗಿಟ್ಟರು. ಯಾರಾದರೂ ಹಚ್ಚಿಕೊಂಡರೇ ಎಂದು ಕೇಳಿದರು. ಇಲ್ಲವೆಂದೆ, ದಾದಿ ಮಾಡಿದ್ದನ್ನು ಹೇಳಿದೆ. ಸೀಸೆಯ ಜಾಗ ಬದಲಿಸಿದವಳು ನಾನು ಎಂದೂ ಹೇಳಿದೆ. ಅವರು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಅಮ್ಮಿ ಹೋದಾಗಲೂ ಅಬ್ಬಾ ನನ್ನೆದುರಿಗೆ ಅತ್ತವರಲ್ಲ.

"ಇನ್ನ ಮ್ಯಾಲೆ ನಾ ಕೆಮ್ಮಂಗಿಲ್ಲ, ಅಬ್ಬಾ," ಅಂದೆ. "ಸೀಸೆಗೋಳಿಗೆ ಚೀಟಿ ಹಚ್ಚತೇನಿ. ಕೇಳಿದವರಿಗೆ ಖರೇ ಹೇಳತೇನಿ. ನೀವು ಸಿಟ್ಟಾದ್ರೂ ಅಡ್ಡಿಯಿಲ್ಲ."

ಅವರು ಎದ್ದು ಮಸೀದಿಯ ಕಡೆ ಹೋದರು. ನಾನು ಶಾಲೆಯ ನೋಟುಬುಕ್ಕಿನ ಹಾಳೆ ಕತ್ತರಿಸಿ, ಗೋಂದು ಹಚ್ಚಿ, ಮೂವತ್ತೊಂದು ಸೀಸೆಗಳಿಗೆ ಚೀಟಿ ಅಂಟಿಸಿದೆ. ಅಕ್ಷರ ಸೊಟ್ಟಗೆ ಬಂದವು, ಹಾಗೆಯೇ ಬಿಟ್ಟೆ. ನಾಲ್ಕು ದಿನ ಅಬ್ಬಾ ನನ್ನೊಡನೆ ಮಾತಾಡಲಿಲ್ಲ. ನಾನು ಅಡುಗೆ ಮಾಡಿ ಬಡಿಸಿದೆ, ಅವರು ಉಂಡು ಎದ್ದರು. ನನ್ನ ನಿರ್ಧಾರ ಮಾತ್ರ ಬದಲಾಗಲಿಲ್ಲ.

ಐದನೆಯ ದಿನ ಬಸವನ ಬಾಗೇವಾಡಿಯ ಸಂತೆ. ಅವರು ಬರುವುದಿಲ್ಲವೆಂದುಕೊಂಡು ಒಬ್ಬಳೇ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದರೆ, ಅಬ್ಬಾ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರು. ಸಂತೆಯಲ್ಲಿ ಚಾಪೆ ಹಾಸಿ ಯಾವತ್ತಿನ ಹಾಗೆ ನಡುವೆ ಅವರು ಕೂತರು, ಹಿಂದೆ ನಾನು. ಹನ್ನೊಂದರ ಸುಮಾರಿಗೆ ಕಾಲೇಜಿನ ಹುಡುಗಿಯೊಬ್ಬಳು ಬಂದು, ಅಬ್ಬಾನ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊಬೈಲು ಹಿಡಿದಳು. ಯಾವುದೋ ಹೀರೋನ ಮನೆಯ ಸ್ನಾನದ ಕೋಣೆ, ಕಪಾಟಿನ ಮೇಲೊಂದು ಕಪ್ಪು ಬಾಟಲಿ. ಇದರಂಥ ವಾಸನೆ ನಿಮ್ಮಲ್ಲಿ ಯಾವುದಿದೆ ಚಾಚಾ ಎಂದಳು. ಅಬ್ಬಾನ ಕೈ ಒಂದು ಸೀಸೆಯ ಮೇಲೆ ಹೋಗಿ ನಿಂತಿತು. ನಾನು ಕೆಮ್ಮಲಿಲ್ಲ.

ಅಬ್ಬಾ ಕೈ ಹಿಂದಕ್ಕೆ ತೆಗೆದರು.

"ನನಗ ವಾಸನಿ ಬರೂದು ನಿಂತು ಮೂರು ವರ್ಷ ಆತವ್ವಾ," ಅಂದರು. ಪಕ್ಕದ ಬಳೆಯವಳಿಗೆ, ಎದುರಿನ ಉಳ್ಳಾಗಡ್ಡಿಯವನಿಗೆ ಎಲ್ಲರಿಗೂ ಕೇಳುವಷ್ಟು ಜೋರಾಗಿ ಅಂದರು. "ಅತ್ತರ ನೋಡಾಕಿ ನನ್ನ ಮಗಳು. ಆಕಿನ್ನ ಕೇಳು."

ಹಾಗೆಂದು ಎದ್ದು, ಚಾಪೆಯ ನಡುವಿನ ಜಾಗ ಬಿಟ್ಟು, ಬದಿಗೆ ಕೂತರು. ಬಳೆಯವಳು ನಮ್ಮ ಕಡೆ ತಿರುಗಿ ನೋಡಿ ಮತ್ತೆ ತನ್ನ ಬಳೆ ಜೋಡಿಸತೊಡಗಿದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ನಾನು ನಡುವೆ ಕೂತೆ. ಹುಡುಗಿಗೆ, ಆ ಬಾಟಲಿಯಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ನಿನಗೆ ಯಾವುದು ಒಪ್ಪುತ್ತದೆಂದು ಬೇಕಾದರೆ ನೋಡೋಣ ಎಂದೆ. ಅವಳು ಮೊಬೈಲು ಚೀಲದಲ್ಲಿ ಹಾಕಿ ಮುಂಗೈ ಮುಂದೆ ಮಾಡಿದಳು.

ಅವಳು ಹೋದ ಮೇಲೆ ಬಹಳ ಹೊತ್ತು ಅಬ್ಬಾ ಜನ ಓಡಾಡುವುದನ್ನು ನೋಡುತ್ತ ಕೂತಿದ್ದರು. ನಾನು ಸಿಟ್ಟಿದೆಯೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ನನ್ನ ಕಡೆ ಸರಿದು ಕೂತರು.

"ಇವತ್ತ ಸಂತಿ ಹೆಂಗ ವಾಸನಿ ಬರಾಕತ್ತೇತಿ?" ಅಂದರು. "ಹೇಳು ನೋಡೂಣು."

ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ತಮಗೆ ವಾಸನೆ ಬರುವುದಿಲ್ಲವೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು, ಆದ್ದರಿಂದ ಅಷ್ಟು ದಿನ ಅವರು ಯಾವ ವಾಸನೆಯೂ ಇಲ್ಲದ ಸಂತೆಯಲ್ಲಿ ಕೂತಿದ್ದರು, ನಾನು ಹಿಂದೆಯೇ ಇದ್ದು ಕೆಮ್ಮುತ್ತಿದ್ದೆ. ಕಣ್ಣು ತುಂಬಿ ಬಂತು, ಒರೆಸಿಕೊಂಡೆ. ಎಡಗಡೆಯಿಂದ ಶುರು ಮಾಡಿದೆ. ಉಳ್ಳಾಗಡ್ಡಿ, ಅಬ್ಬಾ, ಅದರಲ್ಲಿ ಒಂದೆರಡು ಕೊಳೆತಿವೆ. ಅದರಾಚೆ ಮಿರ್ಚಿ ಕರಿಯುತ್ತಿದ್ದಾರೆ, ಎಣ್ಣೆ ಹಳೆಯದು. ಎಮ್ಮೆ, ಹೊಸ ಗೋಣಿಚೀಲ, ಕೊತ್ತಂಬರಿ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಗಿರಾಕಿಗಳು ಬಂದು ನಿಂತರು, ಸ್ವಲ್ಪ ತಡೆಯಿರಿ ಎಂದು ಕೈ ಮಾಡಿ, ಒಂದನ್ನೂ ಬಿಡದೆ ಪೂರ್ತಿ ಹೇಳಿದೆ.